ಪ್ರತಿದಿನದ ಆ ಒಂದು ಮಾತ್ರೆ



ತಪಸ್ಸುಕಾಲದ ಒಂದು ಭಾನುವಾರ. ಎರಡನೇ ಪೂಜೆ ಮುಗಿಸಿ ಕಛೇರಿಗೆ ಬಂದು ಕುಳಿತಿದ್ದೆ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಒಳಗೆ ಬಂದರು. ಏನೂ ಹೇಳದೆ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದೆ. ಹನ್ನೊಂದು ಮಾತ್ರೆಗಳು. ಕೆಲವು ಅರ್ಧ ಕರಗಿದ್ದವು, ಕೆಲವಕ್ಕೆ ಮಣ್ಣು ಮೆತ್ತಿತ್ತು.

"ಹೂಕುಂಡದ ಹಿಂದೆ ಸಿಕ್ಕವು ಸ್ವಾಮಿ. ನುಂಗಿದ ಹಾಗೆ ಮಾಡಿ ದವಡೆಯಲ್ಲಿ ಇಟ್ಕೊಂಡು ಹೋಗಿ ಅಲ್ಲಿ ಉಗುಳಿದ್ದಾನೆ. ಇನ್ನೂ ಏಳು ವರ್ಷ ಅವನಿಗೆ. ಇಷ್ಟು ಸಣ್ಣವನಿಗೆ ದಿನಾ ಮಾತ್ರೆ ಕೊಡೋದು ಸರಿನಾ? ನಮ್ಮತ್ತೆ ಅದನ್ನ ಹುಚ್ಚಿನ ಮಾತ್ರೆ ಅಂತಾರೆ. ಜಪಸರ ಸರಿಯಾಗಿ ಮಾಡಿದ್ರೆ ಮಗು ತಾನೇ ಸರಿ ಹೋಗ್ತಾನೆ ಅಂತಾರೆ. ನಾನೇನು ಪಾಪ ಮಾಡಿದ್ದೆ ಸ್ವಾಮಿ?" ಎಂದು ಆ ತಾಯಿ ಅತ್ತರು.

ಆ ಬಾಲಕನನ್ನು ನಾನು ಬಲ್ಲೆ. ಅಥವಾ ಬಲ್ಲೆ ಎಂದುಕೊಂಡಿದ್ದೆ. ಪೂಜೆಯ ನಡುವೆ ಪೀಠದ ಮುಂದೆ ಓಡುವವನು, ಧರ್ಮೋಪದೇಶ ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವವನು, ಪ್ರಾರ್ಥನಾ ಪುಸ್ತಕವನ್ನು ವಾರಕ್ಕೊಮ್ಮೆ ಕಳೆದುಕೊಳ್ಳುವವನು. ಒಂದು ಭಾನುವಾರ ನಾನು ಪ್ರಬೋಧನೆ ನಿಲ್ಲಿಸಿ, "ಯಾರ ಮಗು ಅದು? ಹೊರಗೆ ಕರೆದುಕೊಂಡು ಹೋಗಿ" ಎಂದು ಮೈಕಿನಲ್ಲೇ ಹೇಳಿದ್ದೆ. ಅಂದಿನಿಂದ ಆ ಕುಟುಂಬ ಮಳೆಯಾಗಲಿ ಬಿಸಿಲಾಗಲಿ ದೇವಾಲಯದ ಹೊರಗೆ, ಮಾತೆಯ ಗವಿಯ ಪಕ್ಕದಲ್ಲಿ ನಿಂತೇ ಪೂಜೆ ಕೇಳುತ್ತಿತ್ತು ಎಂಬುದು ನನಗೆ ತಿಳಿದದ್ದು ಆ ದಿನ. ಆ ತಾಯಿ ದೂರು ಹೇಳಲಿಲ್ಲ, ಮಾತಿನ ನಡುವೆ ಸಹಜವಾಗಿ ಹೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಆಕೆಯ ಮಾತಿನಲ್ಲಿ ಮೂರು ಪ್ರಶ್ನೆಗಳಿದ್ದವು: ಇದು ಯಾರ ತಪ್ಪು? ಔಷಧಿ ಕೊಡುವುದು ವಿಶ್ವಾಸದ ಕೊರತೆಯೇ? ಮಗು ಒಪ್ಪದಿದ್ದರೆ ಏನು ಮಾಡಬೇಕು? ಇವು ಒಂದೇ ಮನೆಯ ಪ್ರಶ್ನೆಗಳಲ್ಲ. ಆದ್ದರಿಂದ ಈ ವಾರ ಇವನ್ನೇ ನಿಮ್ಮೊಂದಿಗೆ ಪಾಠವಾಗಿ ಓದುತ್ತೇನೆ.

ಇದು ಎಂಥ ತೊಂದರೆ?

ಎಲ್ಲ ಮಕ್ಕಳೂ ಚೇಷ್ಟೆ ಮಾಡುತ್ತಾರೆ, ಮರೆಯುತ್ತಾರೆ. ಅದು ರೋಗವಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಮನವನ್ನು ಒಂದೆಡೆ ನಿಲ್ಲಿಸುವ, ಕೈಕಾಲನ್ನು ತಡೆಯುವ, ಮಾತಿಗೆ ಮುನ್ನ ಯೋಚಿಸುವ ಶಕ್ತಿ ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ. ಇದನ್ನು ವೈದ್ಯರು ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಚಿಕ್ಕದಾಗಿ ಎ.ಡಿ.ಎಚ್.ಡಿ. ಎನ್ನುತ್ತಾರೆ. ಇದಕ್ಕೆ ರಕ್ತಪರೀಕ್ಷೆ ಇಲ್ಲ, ತಲೆಯ ಸ್ಕ್ಯಾನಿನಿಂದಲೂ ಗೊತ್ತಾಗುವುದಿಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇವೆಯೇ, ಹನ್ನೆರಡು ವರ್ಷಕ್ಕೆ ಮೊದಲೇ ಆರಂಭವಾಗಿವೆಯೇ, ಮನೆಯಲ್ಲಿ ಮಾತ್ರವಲ್ಲದೆ ಶಾಲೆಯಲ್ಲಿಯೂ ಕಾಣುತ್ತವೆಯೇ, ಮಗುವಿನ ಕಲಿಕೆಗೂ ಗೆಳೆತನಕ್ಕೂ ನಿಜವಾಗಿ ಅಡ್ಡಿಯಾಗುತ್ತಿವೆಯೇ ಎಂದು ತಂದೆತಾಯಿ, ಶಿಕ್ಷಕರು ಎಲ್ಲರನ್ನೂ ಕೇಳಿ ವೈದ್ಯರು ನಿರ್ಧರಿಸುತ್ತಾರೆ. ಕಿವಿ ಮಂದವಿರುವ, ದೃಷ್ಟಿ ಸರಿಯಿಲ್ಲದ, ನಿದ್ದೆ ಸಾಲದ ಅಥವಾ ಮನೆಯ ಜಗಳದಿಂದ ಹೆದರಿದ ಮಗುವೂ ಹೀಗೆಯೇ ಕಾಣಬಹುದಾದ್ದರಿಂದ ಅದನ್ನೂ ನೋಡುತ್ತಾರೆ. ಹಾಗಾಗಿ ನೆರೆಮನೆಯವರಾಗಲಿ, ಗುರುಗಳಾಗಲಿ ಈ ಹೆಸರನ್ನು ಯಾವ ಮಗುವಿಗೂ ಅಂಟಿಸಬಾರದು.

ಇದು ನಮ್ಮ ಕಾಲದ ಟಿ.ವಿ., ಮೊಬೈಲುಗಳು ಹುಟ್ಟಿಸಿದ ತೊಂದರೆಯೂ ಅಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿಯೇ ಗಮನ ನಿಲ್ಲದವರ ಬಗ್ಗೆ ಬರೆದರು. 1902ರಲ್ಲಿ ಲಂಡನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದೆಯೂ ತಮ್ಮನ್ನು ತಡೆದುಕೊಳ್ಳಲಾಗದ ಮಕ್ಕಳನ್ನು ವೈದ್ಯರ ಮುಂದಿನ ಉಪನ್ಯಾಸಗಳಲ್ಲಿ ವಿವರಿಸಿದರು. ಇಂದು ತಿಳಿದಿರುವಂತೆ ಇದರಲ್ಲಿ ವಂಶಪಾರಂಪರ್ಯದ ಪಾಲು ದೊಡ್ಡದು. ಎಷ್ಟೋ ಬಾರಿ ಮಗನ ವಿಷಯ ಹೇಳುತ್ತಾ ಹೇಳುತ್ತಾ ತಂದೆಯೇ, "ನಾನೂ ಚಿಕ್ಕಂದಿನಲ್ಲಿ ಹೀಗೇ ಇದ್ದೆ" ಎನ್ನುವುದುಂಟು.

ಯಾರ ತಪ್ಪು?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಇದನ್ನೇ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ? ಸ್ವಾಮಿ ಎರಡನ್ನೂ ನಿರಾಕರಿಸಿದರು (ಯೊವಾನ್ನ 9:1-3). ಅದಾಗಿ ಎರಡು ಸಾವಿರ ವರ್ಷಗಳಾದರೂ ನಾವು ಅದೇ ಪ್ರಶ್ನೆಯನ್ನು ತಾಯಂದಿರ ಮೇಲೆ ಎಸೆಯುತ್ತಿದ್ದೇವೆ. ಸೋದರಿಯರೇ, ನಿಮ್ಮ ಮಗುವಿನ ಗಮನ ನಿಲ್ಲದಿರುವುದು ನಿಮ್ಮ ಪಾಪಕ್ಕೆ ಶಿಕ್ಷೆಯಲ್ಲ, ನಿಮ್ಮ ಮುದ್ದಿನ ಫಲವೂ ಅಲ್ಲ.

ಹಾಗಾದರೆ ತಪ್ಪು ಮಗುವಿನದೇ? ಸೆಮಿನರಿಯಲ್ಲಿ ನಾವು ಓದಿದ ನೀತಿಶಾಸ್ತ್ರದ ಮೊದಲ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಮನುಷ್ಯನ ಕಾರ್ಯ ಅವನ ಲೆಕ್ಕಕ್ಕೆ ಬರಬೇಕಾದರೆ ಅದರಲ್ಲಿ ಅರಿವೂ ಇರಬೇಕು, ಸಂಕಲ್ಪವೂ ಇರಬೇಕು ಎಂದು ಸಂತ ತೋಮಾಸ್ ಅಕ್ವೀನಾಸರು ಕಲಿಸುತ್ತಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಗಮನವಿಲ್ಲದಿರುವುದು, ಭಯ, ರೂಢಿ ಮತ್ತು ಮಾನಸಿಕ ಕಾರಣಗಳಿಂದ ಹೊಣೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎನ್ನುತ್ತದೆ (ಸಂಖ್ಯೆ 1735). ಕುಳಿತಿರಬೇಕೆಂದು ಬಯಸಿಯೂ ಕುಳಿತಿರಲಾಗದ ಮಗು ಅವಿಧೇಯನಲ್ಲ. ಈ ವ್ಯತ್ಯಾಸ ಅರಿಯದೆ ಹೊಡೆದರೆ, ಕುಂಟನನ್ನು ಓಡಲಿಲ್ಲವೆಂದು ಹೊಡೆದಂತೆ. ಆದರೆ ಸುಳ್ಳು ಹೇಳುವುದು, ಬೇಕೆಂದೇ ತಂಗಿಗೆ ಹೊಡೆಯುವುದು ಇವೆಲ್ಲಕ್ಕೂ ಈ ತೊಂದರೆಯೇ ನೆಪವಾಗಬಾರದು. ಮಾಡಲಾಗದ್ದು ಯಾವುದು, ಮಾಡಲೊಲ್ಲದ್ದು ಯಾವುದು ಎಂದು ಬೇರ್ಪಡಿಸುವುದೇ ತಂದೆತಾಯಿಗಳ ವಿವೇಕ.

ಪ್ರಾರ್ಥನೆಯೋ, ಔಷಧಿಯೋ?

ಅತ್ತೆಯವರ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊಮ್ಮಗನಿಗಾಗಿ ಹರಕೆ ಹೊತ್ತು ವೇಲಾಂಕಣಿಗೂ ಅತ್ತೂರಿಗೂ ಹೋಗಿಬಂದವರು ಅವರು. ಆದರೆ ಪ್ರಾರ್ಥನೆ ಮತ್ತು ಔಷಧಿಯನ್ನು ಎದುರುಬದುರು ನಿಲ್ಲಿಸುವುದು ಧರ್ಮಸಭೆಯ ಬೋಧನೆಯಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಮನೆಯಲ್ಲಿ ಒಟ್ಟಿಗೆ ಓದಿ. ವೈದ್ಯನನ್ನು ಗೌರವಿಸಬೇಕೆಂದೂ, ಔಷಧಿಗಳನ್ನು ಭೂಮಿಯಿಂದ ಉಂಟುಮಾಡಿದವರು ದೇವರೇ ಎಂದೂ, ತಿಳಿವಳಿಕೆಯುಳ್ಳವನು ಅವನ್ನು ತಿರಸ್ಕರಿಸುವುದಿಲ್ಲವೆಂದೂ ಅಲ್ಲಿದೆ. ಅದೇ ಅಧ್ಯಾಯ ರೋಗಿಗೆ ಪ್ರಾರ್ಥಿಸು ಎಂದೂ ಹೇಳುತ್ತದೆ, ವೈದ್ಯನಿಗೆ ಎಡೆಕೊಡು ಎಂದೂ ಹೇಳುತ್ತದೆ. ನಮ್ಮ ನಾಡಿನಲ್ಲಿಯೇ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಹಂಚಲು ತೊಡಗಿದವರು ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್. ಅವರ ಹೆಸರಿನಲ್ಲಿ ಇಂದು ಅಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆಗಳಿವೆ. ಔಷಧಿ ಕೊಡುವುದು ವಿಶ್ವಾಸದ ಕೊರತೆಯಾಗಿದ್ದರೆ ಆ ಗುರುಗಳು ಏಕೆ ಅದಕ್ಕೆ ಕೈ ಹಾಕುತ್ತಿದ್ದರು?

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಈ ತೊಂದರೆಗೆ ಹೆಚ್ಚಾಗಿ ಬರೆಯುವ ಔಷಧಿ ಮಿಥೈಲ್‌ಫೆನಿಡೇಟ್. ಇದು ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಇದೇ ಬಗೆಯ ಒಂದು ಚುರುಕುಕಾರಕ ಔಷಧಿಯನ್ನು 30 ಮಕ್ಕಳಿಗೆ ಕೊಟ್ಟಾಗ, ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಎದ್ದು ಕಾಣುವಂತೆ ಸುಧಾರಿಸಿದರು. ಮಿಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಯಾಂಡ್ರೊ ಪಾನಿಝೋನ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದರು. ಅವರ ಪತ್ನಿಯ ಮುದ್ದಿನ ಹೆಸರು ರೀಟಾ. ಅದರಿಂದಲೇ ಆ ಮಾತ್ರೆಗೆ ರಿಟಲಿನ್ ಎಂಬ ಹೆಸರು ಬಂತು.

ಇದು ನಿದ್ದೆ ಬರಿಸಿ ಮಗುವನ್ನು ಸುಮ್ಮನಾಗಿಸುವ ಔಷಧಿಯಲ್ಲ. ಮಿದುಳಿನಲ್ಲಿ ಗಮನಕ್ಕೂ ತಡೆಗೂ ಬೇಕಾದ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳು ಹೆಚ್ಚು ಹೊತ್ತು ಕೆಲಸ ಮಾಡುವಂತೆ ಇದು ನೋಡಿಕೊಳ್ಳುತ್ತದೆ. ಸಾಧಾರಣ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟು, ನಿಧಾನವಾಗಿ ಬಿಡುಗಡೆಯಾಗುವ ಬಗೆಯದಾದರೆ ಎಂಟರಿಂದ ಹನ್ನೆರಡು ಗಂಟೆಯಷ್ಟು. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧಿಯ ಪೂರ್ಣ ಫಲ ಕಾಣಲು ಕೆಲವು ವಾರಗಳೇ ಬೇಕು. ಎರಡು ದಿನ ಕೊಟ್ಟು "ಏನೂ ಆಗಲಿಲ್ಲ" ಎಂದು ಬಿಡುವವರು ಇದನ್ನು ನೆನಪಿಡಬೇಕು.

ಮಾತ್ರೆ ಮಾಡದಿರುವುದೂ ಬಹಳ ಇದೆ. ಅದು ಓದು ಕಲಿಸುವುದಿಲ್ಲ, ಸತ್ಯ ನುಡಿಯಲು ಕಲಿಸುವುದಿಲ್ಲ, ಪ್ರೀತಿಸಲು ಕಲಿಸುವುದಿಲ್ಲ. ಅದನ್ನೆಲ್ಲ ಕಲಿಯಲು ಮಗುವಿಗೆ ಸ್ವಲ್ಪ ಬಿಡುವು ಮಾಡಿಕೊಡುತ್ತದೆ, ಅಷ್ಟೆ. ಕೃಪೆ ಪ್ರಕೃತಿಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬ ತೋಮಾಸರ ಪಾಠವನ್ನು ನಾನು ಇಲ್ಲಿ ನೆನೆಯುತ್ತೇನೆ. ಔಷಧಿ ಕೃಪೆಯಲ್ಲ ನಿಜ. ಆದರೆ ಒಳ್ಳೆಯ ಔಷಧಿಯೂ ಮಗುವಿನ ಸ್ವಭಾವವನ್ನು ಅಳಿಸಬಾರದು. ಮಾತ್ರೆ ತೆಗೆದುಕೊಂಡ ಮೇಲೆ ಮಗು ನಗು ಮರೆತು ಗೊಂಬೆಯಂತೆ ಕುಳಿತರೆ ಮೆಚ್ಚಬೇಡಿ. ಪ್ರಮಾಣ ಹೆಚ್ಚಾಗಿರಬಹುದು, ವೈದ್ಯರಿಗೆ ತಿಳಿಸಿ.

ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ. ತಂದೆತಾಯಿಗಳಿಗೆ ಮಗುವನ್ನು ನಡೆಸುವ ತರಬೇತಿ. ದೊಡ್ಡ ಮಕ್ಕಳಿಗೂ ಮಾತ್ರೆಯ ಜೊತೆ ಆ ತರಬೇತಿ, ಶಾಲೆಯ ಸಹಕಾರ ಬೇಕು. ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಪ್ರತಿ ತಿಂಗಳು ನೋಡಿ ಪ್ರಮಾಣ ಸರಿಪಡಿಸಿದ ಮಕ್ಕಳು ಊರಿನ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಸುಧಾರಿಸಿದರು. ಆ ಇನ್ನೊಂದು ಗುಂಪಿನಲ್ಲಿಯೂ ಹೆಚ್ಚಿನವರು ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು! ಅಂದರೆ ಮಾತ್ರೆಯಷ್ಟೇ ಸಾಲದು, ಅದನ್ನು ಕೊಡುವ ಕಾಳಜಿಯೂ ಬೇಕು.

ಕಹಿ ಔಷಧಿ ಹಚ್ಚಿದ ಮಗ

ಈಗ ಮೂರನೆಯ ಪ್ರಶ್ನೆ. ಮಗುವಿಗೆ ಹೇಗೆ ಕೊಡುವುದು? ತೋಬಿತನ ಗ್ರಂಥದಲ್ಲಿ ಒಂದು ಸುಂದರ ಘಟನೆಯಿದೆ. ತೋಬಿತನಿಗೆ ಕಣ್ಣು ಕಾಣದಾಗಿತ್ತು. ಮಗ ತೋಬಿಯ ಮೀನಿನ ಪಿತ್ತವನ್ನು ತಂದೆಯ ಕಣ್ಣಿಗೆ ಹಚ್ಚುತ್ತಾನೆ. ಜೊತೆಯಲ್ಲಿದ್ದ ದೇವದೂತ ರಫಾಯೇಲ ಅದು ಏನು ಮಾಡುತ್ತದೆ, ಹೇಗೆ ಉರಿಯುತ್ತದೆ ಎಂದು ಮೊದಲೇ ತಿಳಿಸಿರುತ್ತಾನೆ. ತೋಬಿಯ ತಂದೆಯನ್ನು ಹಿಡಿದುಕೊಂಡು, ಧೈರ್ಯ ಹೇಳಿ, ತನ್ನ ಕೈಯಿಂದಲೇ ಹಚ್ಚುತ್ತಾನೆ (ತೋಬಿತ 11). ಸತ್ಯ, ಧೈರ್ಯದ ಮಾತು, ಹಿಡಿದ ಕೈ, ಈ ಮೂರೇ ಸಾಕು. ಅಲ್ಲಿ ಮಗ ತಂದೆಗೆ ಮಾಡಿದ್ದನ್ನು ಇಲ್ಲಿ ನಾವು ಮಗನಿಗೆ ಮಾಡೋಣ.

ಮೊದಲು ಸತ್ಯ. ಮಾತ್ರೆಯನ್ನು ಪೆಪ್ಪರಮೆಂಟು ಎನ್ನಬೇಡಿ. ಇನ್ನೊಂದು ದಿನ ಆ "ಪೆಪ್ಪರಮೆಂಟ"ನ್ನು ಅವನೇ ಹುಡುಕಿ ಐದಾರು ನುಂಗಿದರೆ? ಅವನಿಗೆ ತಿಳಿಯದಂತೆ ಮೊಸರನ್ನದಲ್ಲಿ ಹುದುಗಿಸಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಮಾತ್ರೆಯನ್ನೂ ನಂಬುವುದಿಲ್ಲ, ನಿಮ್ಮ ಕೈತುತ್ತನ್ನೂ ನಂಬುವುದಿಲ್ಲ. ವಯಸ್ಸಿಗೆ ತಕ್ಕಂತೆ ಹೇಳಿ: "ನಿನ್ನ ತಲೆ ತುಂಬಾ ಚುರುಕು, ಒಳ್ಳೇ ಸೈಕಲ್ ಇದ್ದ ಹಾಗೆ. ಬ್ರೇಕ್ ಸ್ವಲ್ಪ ಸಡಿಲ. ಈ ಮಾತ್ರೆ ಬ್ರೇಕಿಗೆ ಸಹಾಯ ಮಾಡುತ್ತೆ. ತುಳಿಯೋನು, ಹ್ಯಾಂಡಲ್ ಹಿಡಿಯೋನು ನೀನೇ." ಕನ್ನಡಕ ಹಾಕುವ ಅಜ್ಜ ಮನೆಯಲ್ಲಿದ್ದರೆ ಅವರನ್ನೇ ಉದಾಹರಣೆ ಕೊಡಿ.

ಎರಡನೆಯದು, ಹೊತ್ತು. ಪ್ರತಿದಿನ ಒಂದೇ ಹೊತ್ತು, ಒಂದೇ ಜಾಗ, ಕೊಡುವವರೂ ಒಬ್ಬರೇ ಇರಲಿ. ಈ ಔಷಧಿ ಹಸಿವನ್ನು ತಗ್ಗಿಸುವುದರಿಂದ ಇಡ್ಲಿಯೋ ದೋಸೆಯೋ ಮೊಟ್ಟೆಯೋ ಹೊಟ್ಟೆ ತುಂಬ ತಿಂದ ಮೇಲೆ ಮಾತ್ರೆ ಕೊಟ್ಟರೆ ಒಳಿತು. ಮಧ್ಯಾಹ್ನದ ಬುತ್ತಿ ಹಾಗೆಯೇ ಮರಳಿ ಬಂದರೆ ಬೈಯಬೇಡಿ. ಸಂಜೆ ಹಸಿವಾದಾಗ ಚೆನ್ನಾಗಿ ಊಟ ಕೊಡಿ. ಬೆಳಿಗ್ಗೆ ಮರೆತರೆ ಸಂಜೆ ಕೊಡಬೇಡಿ, ನಿದ್ದೆ ಕೆಡುತ್ತದೆ. ಮರುದಿನ ಎರಡು ಮಾತ್ರೆಯಂತೂ ಎಂದೂ ಬೇಡ. ಉಗುಳಿದ್ದಾನೋ ನುಂಗಿದ್ದಾನೋ ತಿಳಿಯದಿದ್ದರೆ ಮತ್ತೊಂದು ಕೊಡದೆ ವೈದ್ಯರನ್ನು ಕೇಳಿ.

ಮೂರನೆಯದು, ನುಂಗುವ ಅಭ್ಯಾಸ. ಮಾತ್ರೆ ಉಗುಳುವ ಎಷ್ಟೋ ಮಕ್ಕಳು ಹಟಮಾರಿಗಳಲ್ಲ, ಅವರಿಗೆ ನುಂಗಲು ಬರುವುದಿಲ್ಲ. ನಮ್ಮ ಹುಡುಗನ ಕಥೆಯೂ ಅದೇ ಆಗಿತ್ತು. ಮಾತ್ರೆಯ ಹೊತ್ತಿನಲ್ಲಲ್ಲ, ರಜೆಯ ದಿನ ಬಿಡುವಾಗಿ, ವೈದ್ಯರನ್ನು ಕೇಳಿಕೊಂಡು ಕಲಿಸಿ. ಮಗು ನೆಟ್ಟಗೆ ಕುಳಿತಿರಲಿ, ಓಡಾಟ ನಗು ಬೇಡ. ಸಂಕ್ರಾಂತಿಯ ಕುಸುರೆಳ್ಳಿನ ಅತಿ ಸಣ್ಣ ಕಾಳನ್ನು ನಾಲಿಗೆಯ ಮೇಲಿಟ್ಟು ಒಂದು ಗುಟುಕು ನೀರಿನೊಂದಿಗೆ ನುಂಗಲಿ. ಎರಡು ಮೂರು ಸಲ ಸುಲಭವಾಗಿ ಆದರೆ ಸ್ವಲ್ಪ ದೊಡ್ಡ ಕಾಳು, ಆಮೇಲೆ ಜೀರಿಗೆ ಪೆಪ್ಪರಮೆಂಟು. ಆಗದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ದಿನಕ್ಕೆ ಐದು ನಿಮಿಷ ಸಾಕು. ಇದು ಅಭ್ಯಾಸಕ್ಕೆ ಮಾತ್ರ, ನಿಜವಾದ ಮಾತ್ರೆ ಸಿಹಿಯಲ್ಲ ಎಂದು ಮೊದಲೇ ಹೇಳಿ. ಕ್ಯಾಪ್ಸೂಲ್ ನೀರಿನಲ್ಲಿ ತೇಲುವುದರಿಂದ ಅದನ್ನು ನುಂಗುವಾಗ ತಲೆಯನ್ನು ತುಸು ಮುಂದಕ್ಕೆ ಬಾಗಿಸಿದರೆ ಸುಲಭ. ನಮ್ಮಲ್ಲಿ ತಲೆಯನ್ನು ಹಿಂದಕ್ಕೆ ಎತ್ತಿಸುತ್ತೇವೆ, ಅದರಿಂದಲೇ ಅದು ಗಂಟಲಿಗೆ ಇಳಿಯುವುದಿಲ್ಲ.

ಕೇಳದೆ ಪುಡಿ ಮಾಡಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಜಜ್ಜಿದರೆ ಇಡೀ ದಿನದ ಔಷಧಿ ಒಂದೇ ಸಲ ದೇಹಕ್ಕೆ ಸೇರುತ್ತದೆ. ಕೆಲವು ಕ್ಯಾಪ್ಸೂಲುಗಳನ್ನು ಮಾತ್ರ ಬಿಚ್ಚಿ, ತಣ್ಣಗಿನ ಮೆತ್ತನೆಯ ಒಂದು ಚಮಚ ಆಹಾರದ ಮೇಲೆ ಉದುರಿಸಿ ಅಗಿಯದೆ ನುಂಗಿಸಬಹುದು. ಅಟೊಮಾಕ್ಸೆಟಿನ್ ಕ್ಯಾಪ್ಸೂಲನ್ನು ಬಿಚ್ಚಬಾರದು. ನಿಮ್ಮದು ಯಾವುದೆಂದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ.

ನಾಲ್ಕನೆಯದು, ಸಣ್ಣ ಆಯ್ಕೆ. "ಮಾತ್ರೆ ತಗೋತೀಯಾ?" ಎಂದು ಕೇಳಿದರೆ "ಇಲ್ಲ" ಎನ್ನುವ ದಾರಿ ತೆರೆದಂತೆ. "ನೀರಲ್ಲಿ ತಗೋತೀಯಾ, ಹಾಲಲ್ಲಾ? ನೀಲಿ ಲೋಟನಾ, ಸ್ಟೀಲ್ ಲೋಟನಾ?" ಎಂದು ಕೇಳಿ. ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಅವನೇ ಒಂದು ಗುರುತು ಹಾಕಲಿ. ಮೂಗು ಹಿಡಿದು, ಕೈಕಾಲು ಒತ್ತಿ ಬಲವಂತವಾಗಿ ಎಂದೂ ಹಾಕಬೇಡಿ. ಗಂಟಲಿಗೆ ಸಿಕ್ಕಿಕೊಂಡು ಪ್ರಾಣಾಪಾಯವಾಗಬಹುದು. ಒಂದು ದಿನ ತಪ್ಪಿದರೆ ಪ್ರಪಂಚ ಮುಳುಗುವುದಿಲ್ಲ. ದಿನವೂ ತಪ್ಪುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಬೇರೆ ದಾರಿ ಇರುತ್ತದೆ.

ನಾಲಿಗೆಯ ಉಪವಾಸ

ಮಾತ್ರೆಗಿಂತ ಕಹಿಯಾದುದು ಒಂದಿದೆ. ಮಗು ಏನಾದರೂ ಚೆಲ್ಲಿದರೆ, ಕೂಗಿದರೆ, ತಕ್ಷಣ ನಾವು ಕೇಳುವುದು: "ಇವತ್ತು ಮಾತ್ರೆ ತಗೊಂಡ್ಯೋ ಇಲ್ವೋ?" ಎಲ್ಲರ ಎದುರು, ನೆಂಟರ ಎದುರು. ಒಮ್ಮೆ ಯೋಚಿಸಿ. ಅವನು ಕೆಟ್ಟದ್ದು ಮಾಡಿದರೆ ಅದು ಅವನದು, ಒಳ್ಳೆಯದು ಮಾಡಿದರೆ ಅದು ಮಾತ್ರೆಯದು! ಹೀಗಾದರೆ ಮಗುವಿಗೆ ಉಳಿಯುವುದೇನು? ಅವನು ಅರ್ಧ ಗಂಟೆ ಕುಳಿತು ಲೆಕ್ಕ ಮಾಡಿದರೆ "ಮಾತ್ರೆ ಕೆಲಸ ಮಾಡ್ತು" ಎನ್ನಬೇಡಿ, "ನೀನು ಮಾಡಿದೆ" ಎನ್ನಿ. ಮಾತ್ರೆಯನ್ನು ಶಿಕ್ಷೆಯಾಗಿ ಬಳಸಬೇಡಿ. "ಹೀಗೇ ಮಾಡಿದ್ರೆ ಇನ್ನೊಂದು ಮಾತ್ರೆ ಹಾಕ್ತೀನಿ" ಎಂಬ ಬೆದರಿಕೆ ಬೇಡ. "ಹುಚ್ಚಿನ ಮಾತ್ರೆ" ಎಂಬ ಮಾತು ಮನೆಯೊಳಗೆ ಬರಲೇಬಾರದು. ಅಜ್ಜ ಅಜ್ಜಿಯರನ್ನು ಒಮ್ಮೆ ವೈದ್ಯರ ಬಳಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ; ಸೊಸೆಯ ಮಾತಿಗಿಂತ ವೈದ್ಯರ ಮಾತು ಅವರಿಗೆ ನಾಟುತ್ತದೆ. ತಂದೆಯಂದಿರೇ, ಬೆಳಗಿನ ಮಾತ್ರೆಯ ಜಗಳವನ್ನು ಹೆಂಡತಿಗೆ ಬಿಟ್ಟು ಪೇಪರ್ ಓದುತ್ತಾ ಕೂರುವುದು ನ್ಯಾಯವಲ್ಲ.

ಎಚ್ಚರಿಕೆಗಳು

ಹಸಿವು ಕಡಿಮೆ, ನಿದ್ದೆ ತಡ, ತಲೆನೋವು, ಹೊಟ್ಟೆನೋವು ಇವು ಆರಂಭದಲ್ಲಿ ಕಾಣಬಹುದು. ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡಿಸಬೇಕು. ಕುಟುಂಬದಲ್ಲಿ ಹೃದ್ರೋಗ ಅಥವಾ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ಔಷಧಿ ಆರಂಭಿಸುವ ಮೊದಲೇ ತಿಳಿಸಿ. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದನ್ನು ಕಾಣುವುದು ಕೇಳುವುದು, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಪ್ರಮಾಣವನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಭಾನುವಾರ, ರಜೆಯ ದಿನ ಬಿಡಬಹುದೇ ಎಂಬುದನ್ನೂ ವೈದ್ಯರೇ ಹೇಳಲಿ. ಕ್ಲೋನಿಡಿನ್ ಎಂಬ ಔಷಧಿಯನ್ನಂತೂ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ.

ಮಿಥೈಲ್‌ಫೆನಿಡೇಟನ್ನು ನಮ್ಮ ದೇಶದ ಕಾನೂನು ಕಟ್ಟುನಿಟ್ಟಾಗಿ ಇಟ್ಟಿದೆ. ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಆದ್ದರಿಂದ ಮುಗಿಯುವ ವಾರ ಮೊದಲೇ ಹುಡುಕಿ. ಮನೆಯಲ್ಲಿ ಬೀಗ ಹಾಕಿಡಿ, ಅಕ್ಕಪಕ್ಕದ ಮಕ್ಕಳಿಗೆ "ನಿಮಗೂ ಒಂದು" ಎಂದು ಕೊಡಬೇಡಿ.

ಎಲ್ಲಿಗೆ ಹೋಗಬೇಕು ಎನ್ನುವಿರಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಅವನು ಕೇಳಿದ ಪ್ರಶ್ನೆ

ಆ ತಾಯಿ ಮುಂದಿನ ವಾರ ಮಗನನ್ನು ಕರೆತಂದರು. ನಾನು ಅವನ ಎದುರು ಕುಳಿತು, ಮೈಕಿನಲ್ಲಿ ಹಾಗೆ ಹೇಳಿದ್ದು ನನ್ನ ತಪ್ಪು, ಕ್ಷಮಿಸು ಎಂದೆ. ಅವನು ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತಿದ್ದ, ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಎದ್ದು ಬಾಗಿಲವರೆಗೆ ಓಡಿದವನು ತಿರುಗಿ ನಿಂತು ಕೇಳಿದ: "ಸ್ವಾಮಿ, ಮಾತ್ರೆ ತಗೊಂಡಾಗ ಮಾತ್ರ ದೇವರಿಗೆ ನಾನು ಇಷ್ಟಾನಾ?"

ಇಷ್ಟು ದಿನ ಆ ಮಗು ಹೂಕುಂಡದ ಹಿಂದೆ ಉಗುಳುತ್ತಿದ್ದದ್ದು ಬರೀ ಮಾತ್ರೆಯನ್ನಲ್ಲ ಎಂದು ನನಗೆ ಆಗ ಅರ್ಥವಾಯಿತು. "ಇಲ್ಲ ಮರಿ. ಮಾತ್ರೆ ಇರೋದು ನಿನಗೆ ಸಹಾಯ ಆಗಲಿ ಅಂತ. ದೇವರಿಗೆ ನೀನು ಓಡುವಾಗಲೂ ಇಷ್ಟ" ಎಂದೆ. "ಪೂಜೇಲಿ ಓಡಿದ್ರೂ?" ಎಂದ. "ಓಡಿದ್ರೂ. ಆದ್ರೆ ನನಗೆ ಪ್ರಬೋಧನೆ ಮರೆತುಹೋಗುತ್ತೆ" ಎಂದೆ. ಅವನು ನಕ್ಕ.

ಈಗ ಆ ಕುಟುಂಬ ದೇವಾಲಯದ ಒಳಗೆ, ಪಕ್ಕದ ಬಾಗಿಲಿನ ಬಳಿಯ ಬೆಂಚಿನಲ್ಲಿ ಕೂರುತ್ತದೆ. ಕಾಣಿಕೆಯ ಸಮಯದಲ್ಲಿ ಅವನು ತಟ್ಟೆ ಹಿಡಿದು ನಡೆಯುತ್ತಾನೆ. ಕುಳಿತಿರುವುದಕ್ಕಿಂತ ಆ ಕೆಲಸ ಅವನಿಗೆ ಒಗ್ಗುತ್ತದೆ. ಮಾತ್ರೆ ನುಂಗಲು ಕಲಿತಿದ್ದಾನೆ. ಕೆಲವು ಬೆಳಗುಗಳಲ್ಲಿ ಈಗಲೂ ಜಗಳವಿದೆ ಎಂದು ತಾಯಿ ಹೇಳುತ್ತಾರೆ. ಬೆಂಚಿಗೆ ಒದೆಯುವ ಸದ್ದು ನನಗೆ ಪೀಠದವರೆಗೆ ಕೇಳುತ್ತದೆ. ಅಜ್ಜಿ ಜಪಸರ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಈಗ ಬೆಳಿಗ್ಗೆ ನೀಲಿ ಲೋಟದಲ್ಲಿ ನೀರು ತಂದಿಡುವವರು ಅವರೇ.

ಈ ವಾರ ಮನೆಯಲ್ಲಿ ಚಿಂತಿಸಲು

1. ಸಿರಾಖ 38:1-15 ಮತ್ತು ತೋಬಿತ 11ನೇ ಅಧ್ಯಾಯವನ್ನು ಕುಟುಂಬ ಪ್ರಾರ್ಥನೆಯಲ್ಲಿ ಓದಿ. ದೇವರು ಗುಣಪಡಿಸಲು ಯಾರ ಕೈಗಳನ್ನು ಬಳಸಿದ್ದಾರೆ?

2. ನಮ್ಮ ಮಗುವಿಗೆ ಮಾಡಲಾಗದ್ದು ಯಾವುದು, ಮಾಡಲೊಲ್ಲದ್ದು ಯಾವುದು? ದಂಪತಿಗಳು ಒಟ್ಟಿಗೆ ಕುಳಿತು ಬರೆಯಿರಿ.

3. ದೇವಾಲಯದಲ್ಲಿ ಚಡಪಡಿಸುವ ಮಗುವನ್ನು ಕಂಡಾಗ ತಿರುಗಿ ದಿಟ್ಟಿಸುತ್ತೇವೆಯೋ, ಸ್ವಲ್ಪ ಸರಿದು ಜಾಗ ಕೊಡುತ್ತೇವೆಯೋ?